ಎರಡು ಗಂಟೆಯ ಬರಹ

ತಲೆಗೆ ಪೆಟ್ಟು ಬಿದ್ದವರ ಪ್ರಾಣ ಉಳಿಸಿದ ವೈದ್ಯರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಉಳಿದ ಆ ಪ್ರಾಣಕ್ಕೆ ಹಲ್ಲುಜ್ಜುವುದನ್ನು, ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು, ತನ್ನ ಮನೆಯ ಬಾಗಿಲು ಯಾವುದೆಂಬುದನ್ನು ಮತ್ತೆ ಕಲಿಸಿದವರ ಹೆಸರು ಆಸ್ಪತ್ರೆಯ ಫಲಕದ ಮೇಲೂ ಇರುವುದಿಲ್ಲ. ಅಂಥ ಕೆಲಸವನ್ನು ಮೂವತ್ತನಾಲ್ಕು ವರ್ಷ ಒಂದೇ ವಾರ್ಡಿನಲ್ಲಿ ಮಾಡಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಪುನಶ್ಚೇತನ ಚಿಕಿತ್ಸಕಿಯನ್ನು ರೋಗಿಗಳು ಟೀಚರಮ್ಮ ಎಂದೇ ಕರೆದರು. ಬೈದದ್ದೂ ಅದೇ ಹೆಸರಿನಿಂದ.

ಸೇವೆಗೆ ಸೇರಿದ ಹೊಸತರಲ್ಲಿ, ತಲೆಗೆ ಪೆಟ್ಟು ಬಿದ್ದ ಮೇಲೆ ಪ್ರಪಂಚಕ್ಕೊಂದು ಎಡಭಾಗವಿದೆಯೆಂಬುದನ್ನೇ ಮರೆತಿದ್ದ ಅಂಚೆಯಣ್ಣನ ಎಡಕ್ಕೇ ಕುಳಿತು ಮೂರು ತಿಂಗಳು ಹರಟೆ ಹೊಡೆದು, ಅವರ ಕತ್ತು ತಾನಾಗಿ ಆ ಕಡೆ ತಿರುಗುವಂತೆ ಮಾಡಿದವರು ಅವರು. ಹೊಸ ನೆನಪು ನಿಲ್ಲದವರಿಗಾಗಿ ನೆನಪಿನ ಪುಸ್ತಕವನ್ನು ವಾರ್ಡಿಗೆ ತಂದವರೂ ಅವರೇ. ಗಂಟೆಗೊಂದು ಚೌಕ, ಆ ಗಂಟೆಯಲ್ಲಿ ನಡೆದದ್ದನ್ನು ರೋಗಿಯೇ ಬರೆದಿಡಬೇಕು, ಬೆಳಿಗ್ಗೆ ಎದ್ದು ಓದಿಕೊಳ್ಳಬೇಕು. ನಿಯಮ ಒಂದೇ: ಅದರಲ್ಲಿ ಬೇರೊಬ್ಬರು ಬರೆಯಕೂಡದು.

ಆ ನಿಯಮವನ್ನು ಹನ್ನೆರಡನೆಯ ವರ್ಷದಲ್ಲಿ ಮುರಿದವರು ಸ್ವತಃ ಟೀಚರಮ್ಮ.

ಸೂರಿನಿಂದ ಬಿದ್ದ ಬಡಗಿಯೊಬ್ಬರು ವಾರ್ಡಿನಲ್ಲಿದ್ದರು. ಈಗ ಕಂಡದ್ದು ಮುಖ ತಿರುಗಿಸುವಷ್ಟರಲ್ಲಿ ಅವರಿಂದ ಜಾರಿಹೋಗುತ್ತಿತ್ತು. ಪುಸ್ತಕವೊಂದೇ ಅವರ ಊರುಗೋಲು. ಮರುದಿನ ಅವರನ್ನು ಮನೆಗೆ ಕಳುಹಿಸಬಹುದೇ ಎಂದು ತೀರ್ಮಾನಿಸುವ ಸಭೆಯಿತ್ತು. ಆ ಮಧ್ಯಾಹ್ನ ಹೆಂಡತಿ ಬಂದು, ಮಲಗಿದ್ದ ಗಂಡನ ಪಕ್ಕ ಗಂಟೆಹೊತ್ತು ಕುಳಿತು ಹೋದರು. ಎರಡು ಗಂಟೆಯ ಚೌಕ ಖಾಲಿ ಉಳಿಯಿತು. ಸಭೆಯವರು ಖಾಲಿ ಜಾಗ ನೋಡಿ ಬೇಡವೆಂದುಬಿಟ್ಟಾರು ಎಂಬ ಕರುಣೆಯಿಂದ ಟೀಚರಮ್ಮ ಬಡಗಿಯ ಓರೆ ಅಕ್ಷರವನ್ನು ಅನುಕರಿಸಿ ಬರೆದರು: ‘ಹೆಂಡತಿ ಬಂದಿದ್ದಳು. ಇಬ್ಬರೂ ಮಾತಾಡಿದೆವು.’

ಬೆಳಿಗ್ಗೆ ಬಡಗಿ ಆ ಸಾಲಿನ ಮೇಲೆ ಬೆರಳಾಡಿಸಿದರು, ಬೇರೆಯವನ ಉಳಿ ತಾಗಿದ ಮರವನ್ನು ಮುಟ್ಟಿ ನೋಡುವ ಹಾಗೆ. “ಇದು ನನ್ನ ಕೈಯಲ್ಲ. ನಾನು ಮಲಗಿದ ಮೇಲೆ ಯಾರೋ ನನ್ನೊಳಗಿಂದ ಎದ್ದು ಅವಳ ಹತ್ರ ಮಾತಾಡ್ತಾನೆ” ಎಂದರು. ಅಜ್ಜಿಯರ ಕಥೆಯಲ್ಲಿ ಪರಕಾಯ ಹೊಕ್ಕವನಿಗೆ ಮಂತ್ರ ಬೇಕು. ಇಲ್ಲಿ ಒಂದು ಪೆನ್ನು ಸಾಕಾಗಿತ್ತು. ಬಡಗಿ ಆ ಸಾಲಿನ ಕೆಳಗೆ ‘ನೀನು ಯಾರು?’ ಎಂದು ಬರೆದು, ಉತ್ತರಕ್ಕಾಗಿ ಇಡೀ ದಿನ ಕಾದರು. ಆಮೇಲೆ ಬರೆಯುವುದನ್ನೇ ನಿಲ್ಲಿಸಿ, ಬಲಗೈಯನ್ನು ಮಂಚದ ಸರಳಿಗೆ ದಾರದಿಂದ ಕಟ್ಟಿಕೊಂಡರು. ಸಭೆ ಮುಂದಕ್ಕೆ ಹೋಯಿತು. ಹೆಂಡತಿಗೆ ಅವರು ಹೇಳಿದ್ದಿಷ್ಟೇ: “ಮನೆಗೆ ಕರ್ಕೊಂಡು ಹೋಗ್ಬೇಡ ಕಣೇ. ನಾನು ಬಂದ್ರೆ ಅವನೂ ಬರ್ತಾನೆ.”

ಆ ಹೆಂಗಸು ಬೆನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿದರಂತೆ. ಟೀಚರಮ್ಮನೂ ನೋಡಿದರು.

“ಹಾಳೆ ಹರಿದುಹಾಕಿ, ನಾಳೆಗೆ ಅವರಿಗೇನು ನೆನಪಿರುತ್ತದೆ?” ಎಂದರು ವಾರ್ಡಿನ ಹಿರಿಯ ವೈದ್ಯರು. ಆದರೆ ಒಂದು ದಿನ ಪುಸ್ತಕವನ್ನು ಬೀರುವಿನಲ್ಲಿ ಬಚ್ಚಿಟ್ಟು, ದಾರವನ್ನೂ ಬಿಚ್ಚಿ ನೋಡಿದಾಗ, ಬಡಗಿ ಏಕೆಂದು ತಾವೇ ತಿಳಿಯದೆ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದುಕೊಂಡು ಸಂಜೆಯವರೆಗೆ ಕುಳಿತಿದ್ದರು. “ಹಾಳೆ ಹೋಗುತ್ತೆ ಸರ್, ಹೆದರಿಕೆ ಹೋಗಲ್ಲ” ಎಂದರು ಟೀಚರಮ್ಮ.

ಮರುದಿನದಿಂದ ಟೀಚರಮ್ಮ ಪ್ರತಿ ಬೆಳಿಗ್ಗೆ ಆ ಪುಟವನ್ನು ತೆರೆದಿಟ್ಟು, ಬರೆದದ್ದು ತಾನೆಂದು ಒಪ್ಪಿಕೊಳ್ಳತೊಡಗಿದರು. ನಿನ್ನೆಯ ಒಪ್ಪಿಗೆ ಇಂದಿಗೆ ಅಳಿದಿರುತ್ತಿತ್ತು. ಬಡಗಿಯ ಸಿಟ್ಟು ದಿನವೂ ಹೊಸದು. ಒಂದು ದಿನ ಟೀಚರಮ್ಮನಿಂದ ಅದೇ ಸಾಲನ್ನು ಹತ್ತು ಸಲ ಬರೆಸಿ ಪರೀಕ್ಷಿಸಿದರು. ಇನ್ನೊಂದು ದಿನ ದನಿ ತಗ್ಗಿಸಿ, “ನಿಮ್ಮನ್ನ ಅವನೇ ಕಳಿಸಿದ್ದಾ?” ಎಂದು ಕೇಳಿದರು. ದಿನಬೆಳಗಾದರೆ ಬೈಸಿಕೊಳ್ಳಲು ನಿಮಗೇನು ಗ್ರಹಚಾರ, ಬಿಟ್ಟುಬಿಡಿ ಎಂದು ಹೆಂಡತಿಯೇ ಬೇಡಿಕೊಂಡರು.

“ಅವರಿಗೆ ದಿನಾ ಇದು ಮೊದಲನೇ ಸಲ ಅಮ್ಮಾ,” ಎಂದರು ಟೀಚರಮ್ಮ. “ನನಗೆ ಹಳೇದಾಯ್ತು ಅಂತ ಬಿಡೋಕಾಗುತ್ತಾ?”

ಇಪ್ಪತ್ತಮೂರನೆಯ ಬೆಳಿಗ್ಗೆ ಟೀಚರಮ್ಮ ಇನ್ನೂ ಬಾಯಿ ತೆರೆದಿರಲಿಲ್ಲ, ಬಡಗಿಯೇ ಅವರ ಮುಖವನ್ನು ದಿಟ್ಟಿಸಿ ಹೇಳಿದರು: “ನೀವು ಯಾವುದೋ ತಪ್ಪು ಒಪ್ಕೊಳ್ಳೋಕೆ ಬಂದಿದೀರ. ಏನಂತ ಗೊತ್ತಿಲ್ಲ. ಹೇಳಿ, ಬರ್ಕೋತೀನಿ.” ಹೆದರಿಕೆ ಕುಳಿತಿದ್ದ ಮೈಯಲ್ಲೇ ನಂಬಿಕೆಯೂ ಸದ್ದಿಲ್ಲದೆ ಬಂದು ಕುಳಿತಿತ್ತು. ಎಡಗೈಯಿಂದ ದಾರ ಬಿಚ್ಚಿ, ಬಲಗೈಯಲ್ಲಿ ಬಡಗಿ ಬರೆದರು: ‘ಎರಡು ಗಂಟೆಯದನ್ನು ಬರೆದದ್ದು ಟೀಚರಮ್ಮ. ಅವರೇ ಹೇಳಿದರು. ಪಾಪ, ಅಕ್ಷರ ಕದಿಯಲು ಬರುವುದಿಲ್ಲ.’

ಮಾರನೆಯ ದಿನ ಅದನ್ನು ಓದಿದರು. ತಮ್ಮದೇ ಕೈಬರಹ, ಸಂಶಯಕ್ಕೆಡೆಯಿರಲಿಲ್ಲ. ವಾರದೊಳಗೆ ಮನೆಗೆ ಹೋದರು. ಈಗಲೂ ಮಧ್ಯಾಹ್ನ ಎರಡರ ಹೊತ್ತಿಗೆ ಕೈಕೆಲಸ ಬಿಟ್ಟು ಒಮ್ಮೆ ಹಿಂದಕ್ಕೆ ನೋಡುತ್ತಾರಂತೆ. ಯಾರನ್ನೆಂದು ಕೇಳಿದರೆ ನಗುತ್ತಾರಂತೆ.

ಈ ಕಥೆಯನ್ನು ವಾರ್ಡಿನಲ್ಲಿ ಬೇರೆಯವರಾರೂ ಹೇಳಬೇಕಾಗಿಲ್ಲ. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಟೀಚರಮ್ಮ ಮೊದಲ ದಿನವೇ, ತಮ್ಮ ತಪ್ಪನ್ನು ಒಂದಿಷ್ಟೂ ಮೆದುಮಾಡದೆ ಹೇಳಿದ್ದಾರೆ. ನಿವೃತ್ತಿಯ ನಂತರ ಮನೆಮನೆಗೆ ಹೋಗಿ, ಆರೈಕೆಯಲ್ಲಿ ಸೋತ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಈ ವಿದ್ಯೆಯನ್ನು ಕಲಿಸುವ ಸಂಕಲ್ಪ ಅವರದು. ಅವರಿಗೆ ತುಂಬು ಆಯುಷ್ಯ, ಗಟ್ಟಿ ಮೊಣಕಾಲು ಇರಲಿ. ನಾಳೆ ಯಾವುದೋ ಮನೆಯಲ್ಲಿ ಯಾರೋ ಒಬ್ಬರು ಕಣ್ಣುಬಿಟ್ಟು ಇವರನ್ನು ಯಾರೆಂದು ಕೇಳಿದಾಗ, ಮೊಟ್ಟಮೊದಲ ಸಲವೆಂಬಂತೆ ಉತ್ತರಿಸುವ ಆ ತಾಳ್ಮೆ ಬಹುಕಾಲ ನಮ್ಮ ನಡುವೆ ಇರಲಿ.