ಅರವತ್ತು ಪೌಂಡಿನ ಬಿಗಿ

ನಮ್ಮ ಅಕ್ಕ ಟೆನಿಸ್ ರಾಕೆಟ್ಟುಗಳಿಗೆ ಗಟ್ಟಿಂಗ್ ಮಾಡುತ್ತಾಳೆ, ಅಂದರೆ ದಾರ ಬಿಗಿಯುತ್ತಾಳೆ. ಅಂಗಡಿಯ ಮುಂಭಾಗದಲ್ಲಿ ಬೂಟು, ಚೆಂಡು ಮಾರುವವಳು ನಾನು. ಹಿಂದಿನ ಕೋಣೆ, ಬಿಗಿಯುವ ಯಂತ್ರ, ಹಿತ್ತಲಿನ ಗೋಡೆ ಅವಳವು. ರಾಕೆಟ್ ಕೊಳ್ಳಲು ಬಂದವರಿಂದ ಮೊದಲು ಆ ಗೋಡೆಗೆ ಹತ್ತು ನಿಮಿಷ ಚೆಂಡು ಹೊಡೆಸುತ್ತಾಳೆ. ಕಂಪನಿಯ ಹೆಸರು ಕಾಣದಂತೆ ರಾಕೆಟ್ಟಿಗೆ ಟೇಪು ಸುತ್ತಿರುತ್ತಾಳೆ. ತೋಳು ಸಲೀಸಾಗಿ ತಿರುಗುತ್ತದೆಯೇ, ಹೊಡೆತ ತಡವಾಗುತ್ತದೆಯೇ, ಹಿಡಿ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಒಂದು ಬೆರಳಿನ ಜಾಗ ಉಳಿಯುತ್ತದೆಯೇ ಎಂದು ನೋಡಿ, ಆಮೇಲೆ ಒಂದನ್ನು ಎತ್ತಿ ಕೊಡುತ್ತಾಳೆ. ಅವಳಿಗೆ ಎದುರಾಡಿದವರು ಕಡಿಮೆ.

ಇದನ್ನೆಲ್ಲ ಅವಳು ಕಲಿತದ್ದು ತನ್ನ ಕೈ ಹಾಳಾದ ಮೇಲೆ. ಹದಿನೈದನೆಯ ವಯಸ್ಸಿನಲ್ಲಿ ಅವಳನ್ನು ಸೋಲಿಸುವವರು ಊರಿನಲ್ಲೇ ಇರಲಿಲ್ಲ. ಕೋಚ್ ಎನ್ನಿಸಿಕೊಂಡ ಮಹಾನುಭಾವ ತನ್ನದೇ ಹಳೆಯ ರಾಕೆಟ್ಟನ್ನು, ದಪ್ಪ ಹಿಡಿಯ ಮಣಭಾರದ್ದನ್ನು, ಅವಳ ಕೈಗೆ ತುರುಕಿದ. ಮೊಣಕೈ ನೋಯುತ್ತದೆ ಎಂದು ಅವಳು ದಿನಾ ಹೇಳಿದಳು. ಅವನು ಸೋಮಾರಿ ಎಂದ, ಎಲ್ಲರೆದುರು ನಕ್ಕ, ಕೈ ಏಳದಾದ ದಿನ ತಂಡದಿಂದ ತೆಗೆದುಹಾಕಿದ. ಇವತ್ತಿಗೂ ಅಕ್ಕನ ಬಲಗೈ ಒಂದು ಬಕೆಟ್ಟು ನೀರು ಎತ್ತಲಾರದು. ಅವನನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಕ್ಕ ಅವನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಮರೆತಿದ್ದಾಳೆ ಎಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು!

ಮೂವತ್ತು ವರ್ಷಗಳ ನಂತರ, ಹೋದ ತಿಂಗಳು, ಅವನೇ ಬಂದ. ಕೂದಲು ಬೆಳ್ಳಗಾಗಿತ್ತು, ಗತ್ತು ಇಳಿದಿರಲಿಲ್ಲ. ಜೊತೆಗೆ ಕ್ಲಬ್ಬಿನ ಇಬ್ಬರು ಹೊಗಳುಭಟ್ಟರು. ಹಿರಿಯರ ಪಂದ್ಯಾವಳಿಗೆ ರಾಕೆಟ್ ಬೇಕಂತೆ. ಅಕ್ಕನ ಗುರುತು ಹತ್ತಲಿಲ್ಲ.

ಗೋಡೆಗೆ ಹೊಡೆಯುವಾಗ ಎರಡು ಸಲ ಮುಖ ಕಿವುಚಿದ. ಅಕ್ಕ ನೋಡಿ, ಹಗುರದೊಂದನ್ನು ಕೊಟ್ಟಳು.

"ಇದು ತಗೊಳ್ಳಿ ಸಾರ್. ತಲೆ ಅಗಲ ಇದೆ, ಕೈಗೆ ಮೆತ್ತಗೆ. ನಿಮ್ಮ ತೋಳು ತಡವಾಗಿ ಬರ್ತಿದೆ, ಭಾರದ್ದು ಬೇಡ."

"ಮುದುಕರ ರಾಕೆಟ್ ನಂಗ್ಯಾಕಮ್ಮ?" ಎಂದು ಅವನು ಹೊಗಳುಭಟ್ಟರತ್ತ ನೋಡಿ ನಕ್ಕ. ಅಂಗಡಿಯಲ್ಲೇ ಅತಿ ಭಾರದ್ದನ್ನು ಗೂಟದಿಂದ ಇಳಿಸಿದ. "ನಂಗೇ ಹೇಳ್ಕೊಡ್ತೀಯಾ? ಎಷ್ಟು ಜನರನ್ನ ತಯಾರು ಮಾಡಿದೀನಿ ಗೊತ್ತಾ ನಿಂಗೆ?"

"ಗೊತ್ತು ಸಾರ್."

"ಅರವತ್ತು ಪೌಂಡಿಗೆ ಬಿಗಿ. ಒಂದೂ ಕಡಿಮೆ ಆಗ್ಬಾರ್ದು."

ಇಂಥ ಹಟಮಾರಿಗಳು ನಮಗೆ ಹೊಸಬರಲ್ಲ. ದಾರ ಬಿಗಿಯಾದಷ್ಟೂ ಹೊಡೆತದ ಅದುರು ಮೊಣಕೈಗೇ ಬಡಿಯುತ್ತದೆ. ಅರವತ್ತು ಎಂದವರಿಗೆಲ್ಲ ಅಕ್ಕ ಹೂಂ ಎಂದು, ಐವತ್ತಕ್ಕೆ ಬಿಗಿದು, ಚೀಟಿಯಲ್ಲಿ ಅರವತ್ತು ಎಂದೇ ಬರೆದು ಕಟ್ಟುತ್ತಾಳೆ. ಅವರು ಆಡಿ ಬಂದು ಭೇಷ್ ಎನ್ನುತ್ತಾರೆ. ಆ ಒಂದು ಸುಳ್ಳಿನಿಂದ ಈ ಊರಿನ ಎಷ್ಟೋ ಮೊಣಕೈಗಳು ಉಳಿದಿವೆ.

ಆ ಸಂಜೆ ನಾನು ಬಾಗಿಲಲ್ಲಿ ನಿಂತು ನೋಡಿದೆ. ಯಂತ್ರದ ಮುಳ್ಳು ಐವತ್ತು ದಾಟಿತು, ಐವತ್ತೈದು ದಾಟಿತು. ಅಕ್ಕ ಎಡಗೈಯಲ್ಲಿ ಒಂದೊಂದೇ ಎಳೆಯನ್ನು ಸರಿಯಾಗಿ ಅರವತ್ತಕ್ಕೆ ತಂದು ಕಚ್ಚಿಸಿದಳು.

"ಅರವತ್ತೇನಾ ಅಕ್ಕಾ?"

"ಗಿರಾಕಿ ಹೇಳಿದ್ದು ಅಷ್ಟೇ ತಾನೆ?"

ನಾನು ತಡೆಯಬಹುದಿತ್ತು. ಬಾಯಿ ಮುಚ್ಚಿಕೊಂಡು ಹೋಗಿ ಬೂಟು ಜೋಡಿಸಿದೆ.

ಮೂರು ವಾರದ ಮೇಲೆ ಅವನು ಒಬ್ಬನೇ ಬಂದ. ಬಲಗೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿತ್ತು.

"ಎರಡನೇ ಪಂದ್ಯದಲ್ಲೇ ಕೈ ಹೋಯ್ತು. ಇನ್ಮೇಲೆ ಆಟದ ಆಸೆ ಬಿಡಿ ಅಂದ್ರು ಡಾಕ್ಟರು," ಎಂದ. ಆಮೇಲೆ ದನಿ ಏರಿಸಿದ. "ಕ್ಲಬ್ಬಲ್ಲಿ ಎಷ್ಟೋ ಜನ ನಿನ್ ಹತ್ರ ಅರವತ್ತಕ್ಕೇ ಬಿಗಿಸ್ತಾರೆ. ಯಾರಿಗೂ ಏನೂ ಆಗಿಲ್ಲ. ನಂಗೇನು ಮಾಡ್ದೆ ನೀನು?"

"ನೀವು ಹೇಳಿದ್ದನ್ನೇ ಮಾಡ್ದೆ ಸಾರ್," ಎಂದಳು ಅಕ್ಕ. ಆಮೇಲೆ ತನ್ನ ಹೆಸರು ಹೇಳಿದಳು, ತಂಡದಿಂದ ತೆಗೆದ ವರ್ಷವನ್ನೂ ಹೇಳಿದಳು.

ಅವನು ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ. "ಅವತ್ತೇ ಹೇಳ್ಬಾರ್ದಿತ್ತಾ, ನೀನ್ಯಾರು ಅಂತ?"

"ಹೇಳಿದ್ರೆ ಏನ್ಮಾಡ್ತಿದ್ರಿ?"

ಅವನು ಬಾಗಿಲ ಚಿಲಕವನ್ನು ಎಡಗೈಯಲ್ಲಿ ತಡಕಾಡಿ ತೆಗೆದು ಹೊರಟುಹೋದ. ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಇನ್ನು ಅಕ್ಕನಿಗೂ ಸಮಾಧಾನ ಎಂದುಕೊಂಡು ಅವಳತ್ತ ತಿರುಗಿದೆ. ಅವಳು ಇನ್ನೂ ಬೀದಿಯನ್ನೇ ನೋಡುತ್ತಿದ್ದಳು.

"ಅವನ ಎಡಗೈ ಇನ್ನೂ ಗಟ್ಟಿಯಾಗಿದೆ ಅಲ್ವಾ?" ಎಂದಳು.