ಇಳಿಜಾರಿನಲ್ಲಿ ನಡೆಯುತ್ತಿದ್ದ ಮಾವ

ಇಳಕಲ್ಲಿನ ಹೊರಗೆ, ಹುನಗುಂದದ ರಸ್ತೆಯ ಬದಿಗಿದ್ದ ಗ್ರಾನೈಟ್ ಕಾರ್ಖಾನೆಯಲ್ಲಿ ನಾನು ಕೆಲಸಕ್ಕಿದ್ದ ಕಾಲ. ಎರಡು ಸಾವಿರದ ಇಸವಿಯ ಆಚೀಚೆ ಅಂತಿಟ್ಟುಕೊಳ್ಳಿ. ಲಾರಿಗೆ ಹೋಗುವ ಮಾಲು ನೋಡಿಕೊಳ್ಳುವುದು ನನ್ನ ಪಾಲಿನದು. ಕೂತು ಮಾಡುವ ಕೆಲಸವೇ, ಆದರೆ ಆ ವರ್ಷ ಕುರ್ಚಿಯಲ್ಲಿ ನೆಟ್ಟಗೆ ಕೂತದ್ದು ಕಡಿಮೆ. ಕಿಟಕಿಯಾಚೆ ಇಳಿಜಾರಿತ್ತು, ಇಳಿಜಾರಿನಲ್ಲಿ ನನ್ನ ಸೋದರಮಾವ ಇದ್ದ.

ಪಾಲಿಶ್ ಮಾಡುವ ಶೆಡ್ಡು ದಿಬ್ಬದ ಮೇಲೆ, ಲಾರಿ ನಿಲ್ಲುವ ಅಂಗಳ ಕೆಳಗೆ. ನಡುವಿನ ಹಾದಿಗೆ ಒಂದು ಬದಿ ಕಲ್ಲಿನ ಗೋಡೆ. ಮೊದಲೆಲ್ಲ ಕಲ್ಲಿನ ಹಲಗೆಗಳನ್ನು ಟ್ರೇಲರಿಗೆ ಹೇರಿ ಟ್ರ್ಯಾಕ್ಟರ್ ಕಟ್ಟಿ ಇಳಿಸುತ್ತಿದ್ದರು. ಆ ಟ್ರ್ಯಾಕ್ಟರು ರಿಪೇರಿಗೆಂದು ಹೋದದ್ದು ತಿರುಗಿ ಬರಲೇ ಇಲ್ಲ. ಅಷ್ಟರಲ್ಲಿ ಮಾಲಕರು, ಮುಂದಿನ ಎರಡು ಕಬ್ಬಿಣದ ಕೋಡಿನ ಮೇಲೆ ಹೊರೆ ಎತ್ತುವ ಒಂದು ಹಳೆಯ ಫೋರ್ಕ್‌ಲಿಫ್ಟ್ ತಂದಿದ್ದರು. ಅದರ ಬೆನ್ನಿಗೆ ಒಂದು ಕಬ್ಬಿಣದ ಗೂಟ. ಯಂತ್ರ ಕೆಸರಿನಲ್ಲಿ ಹೂತರೆ ಅದನ್ನೇ ಹೊರಗೆ ಜಗ್ಗಲು ಕೊಟ್ಟ ಗೂಟವಂತೆ ಅದು. ನಮಗೆ ಗೊತ್ತಾಗಿದ್ದು ಆಮೇಲೆ. ಗೂಟ ಕಂಡಿತು, ಟ್ರೇಲರ್ ಸಿಕ್ಕಿಸಿದೆವು.

ಮಾವ ಎತ್ತಿನ ಚಕ್ಕಡಿ ಹೊಡೆದು ಬದುಕಿದವನು. ಗುಳೇದಗುಡ್ಡದ ಕಡೆ ಗುಡ್ಡದ ಹಾದಿಯಲ್ಲಿ ಹೇರು ಇಳಿಸುವಾಗ ಒಬ್ಬ ಮರದ ತುಂಡು ಹಿಡಿದು ಗಾಲಿಯ ಪಕ್ಕದಲ್ಲೇ ನಡೆಯುವುದು ಅವನ ಮನೆತನದ ರೂಢಿ. ಗಾಡಿ ಓಟ ಹಿಡಿದರೆ ಗಾಲಿಯ ಮುಂದೆ ತುಂಡು ಒಗೆಯಬೇಕು. ಕಾರ್ಖಾನೆಯಲ್ಲೂ ಅವನು ಯಾರೂ ಹೇಳದೆ ಅದನ್ನೇ ಶುರುಮಾಡಿದ. ಟ್ರೇಲರಿಗೆ ಬ್ರೇಕ್ ಇರಲಿಲ್ಲ. ಬ್ರೇಕ್ ಎಂದರೆ ಮಾವನೇ. ಗೋಡೆಗೂ ಗಾಲಿಗೂ ನಡುವಿನ ಮಾರಗಲದಲ್ಲಿ, ಪಾಲಿಶಿನ ಕೆಂಪು ನೀರು ಹರಿದು ಜಾರುವ ನೆಲದ ಮೇಲೆ, ಬರಿಗಾಲಲ್ಲಿ ನಡೆಯುತ್ತಿದ್ದ.

ಬೇಡ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಚಕ್ಕಡಿ ಮಾರಿ ಮನೆಯಲ್ಲಿ ಮಂಕಾಗಿ ಕೂತಿದ್ದವನು ಇಲ್ಲಿ ಬಂದಮೇಲೆ ಮೀಸೆ ತಿರುವುತ್ತಿದ್ದ. ನನ್ನವ್ವ ಬೇರೆ, ನನ್ನ ತಮ್ಮ ನಿನ್ನ ಕಣ್ಣ ಮುಂದೆಯೇ ಇದ್ದಾನೆ, ನನಗೇನು ಚಿಂತೆ ಅನ್ನುತ್ತಿದ್ದಳು. ಇಂಜಿನ್ನಿನ ಸದ್ದು ಚೂರು ಬದಲಾದರೆ ಎದ್ದು ಕಿಟಕಿಗೆ ಬರುತ್ತಿದ್ದೆ. ಊಟದ ಡಬ್ಬಿ ಬಿಚ್ಚಿ ಅರ್ಧಕ್ಕೇ ಎದ್ದದ್ದೂ ಉಂಟು.

ಫೋರ್ಕ್‌ಲಿಫ್ಟ್ ನಡೆಸುತ್ತಿದ್ದವನು ಇಳಕಲ್ಲಿನವನೇ, ಮುಸಲ್ಮಾನರ ಮನೆಯ ಹುಡುಗ, ಎರಡು ಮಕ್ಕಳ ತಂದೆ. ಮೊದಲು ಕುಳಗೇರಿ ಕ್ರಾಸಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಟ್ರ್ಯಾಕ್ಟರ್ ಮುಂದಿನ ಗಾಲಿಯಿಂದ ಹೊರಳುತ್ತದೆ, ಇದು ಹಿಂದಿನ ಗಾಲಿಯಿಂದ. ಎಡಕ್ಕೆ ತಿರುಗಿಸಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ. ಕೈ ಇನ್ನೂ ಹಳೆಯ ರೂಢಿಯನ್ನೇ ಹುಡುಕುತ್ತದೆ ಅಂತ ಅವನೇ ನನ್ನ ಹತ್ತಿರ ಹೇಳಿಕೊಂಡಿದ್ದ.

ಒಂದು ಮಧ್ಯಾಹ್ನ ಹೇರು ಹೆಚ್ಚಾಗಿತ್ತು. ಅರ್ಧ ಇಳಿಜಾರಿನಲ್ಲಿ ಟ್ರೇಲರ್ ಹಿಂದಿನಿಂದ ನೂಕತೊಡಗಿತು. ಮಾವ ತುಂಡು ಒಗೆದ. ಒದ್ದೆ ನೆಲದಲ್ಲಿ ಗಾಲಿ ಅದನ್ನೂ ನೂಕಿಕೊಂಡೇ ಹೋಯಿತು. ಡ್ರೈವರ್ ಗಾಬರಿಯಲ್ಲಿ ಸ್ಟೇರಿಂಗ್ ತಿರುವಿದ. ಯಂತ್ರದ ಬೆನ್ನು ಬೀಸಿತು, ಟ್ರೇಲರ್ ಅಡ್ಡ ಮಡಚಿ ಗೋಡೆಗೆ ಉಜ್ಜಿ ನಿಂತಿತು. ನಾನು ಓಡಿಹೋಗುವಷ್ಟರಲ್ಲಿ ಮಾವ ಗೋಡೆಯ ಮೇಲೆ ಕೂತಿದ್ದ. ಆ ವಯಸ್ಸಿನಲ್ಲಿ ಅದನ್ನು ಹೇಗೆ ಹತ್ತಿದನೋ, ಅವನಿಗೇ ತಿಳಿದಿರಲಿಲ್ಲ. ಅವನು ನಿಂತಿದ್ದ ಜಾಗದಲ್ಲಿ ಗೋಡೆ ಕಿತ್ತು ಬಿಳಿಯಾಗಿತ್ತು.

ಇಳಿದವನೇ ಧೋತರ ಜಾಡಿಸಿ, ನಡೀರಿ, ಲಾರಿ ಕಾಯಾಕತ್ತೈತಿ ಅಂದ. ಡ್ರೈವರ್ ಕೀಲಿ ತೆಗೆದು ನನ್ನ ಕೈಗೆ ಕೊಟ್ಟ.

"ಇವರು ಅಲ್ಲಿ ನಡೀತಿದ್ರ ನಾ ಗಾಡಿ ಹೊಡಿಯೂದಿಲ್ರಿ."

"ಯಾಕಲೇ, ಹೆದ್ರಿದೇನು? ಎಂತೆಂಥಾ ಎತ್ತಿನ ಹೇರು ತಡದೇನಿ ನಾ."

"ಎತ್ತಿಗೆ ಜೀವದ ಹೆದ್ರಿಕಿ ಇರ್ತೈತಿ ಕಾಕಾ, ತಾವ ಹಿಂದಕ್ಕ ಜಗ್ಗಿ ನಿಂದರ್ತಾವು. ಇದಕ್ಕೇನೈತಿ? ನಿಮ್ಮ ಮನಿಗೆ ಹೋಗಿ ಕಾಕೂಗೆ ನಾ ಏನಂತ ಹೇಳ್ಲಿ?"

ಮಾವ ನನ್ನ ಮುಖ ನೋಡಿದ. ನಾನು ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಲಾರಿ ಅಂದು ಖಾಲಿಯೇ ನಿಂತಿತು.

ಮಾಲಕರು ಬಂದು ಕೂಗಾಡಿದರು, ಗೋಡೆ ನೋಡಿ ಯಂತ್ರ ಮಾರಿದವರನ್ನು ಕರೆಸಿ ಕೇಳಿದರು; ಆ ಗೂಟ ಹೇರು ಎಳೆಯಲಿಕ್ಕಲ್ಲ ಅಂದರು ಅವರು. ಆಮೇಲೆ ಟ್ರೇಲರ್ ಕೆಳಗೆ ಅಂಗಳದಲ್ಲೇ ಉಳಿಯಿತು. ಫೋರ್ಕ್‌ಲಿಫ್ಟೇ ಸ್ವಲ್ಪ ಸ್ವಲ್ಪ ಕಲ್ಲು ಹೊತ್ತು, ಹೊರೆ ದಿಬ್ಬದ ಕಡೆಗಿರುವಂತೆ ಹಿಮ್ಮುಖವಾಗಿ ಇಳಿಯತೊಡಗಿತು. ಕೆಲಸ ನಿಧಾನವಾಯಿತು. ಇಳಿಜಾರಿನ ಬುಡದಲ್ಲಿ ದೂರಕ್ಕೆ ಸುಣ್ಣದ ಗೆರೆ ಎಳೆಸಿ, ಯಂತ್ರ ಇಳಿಯುವಾಗ ಯಾರನ್ನೂ ಒಳಗೆ ಬಿಡದಿರುವ ಕೆಲಸವನ್ನು ಮಾವನಿಗೆ ಕೊಟ್ಟೆವು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಹೆಂಗಸರಂತೆ ಬಾಗಿಲು ಕಾಯಲೇನು ಅಂತ ಅವ್ವನ ಹತ್ತಿರ ಗೊಣಗಿದನಂತೆ.

ಮೂರನೆಯ ದಿನ ಮಾಲಕರ ಜೀಪು ಬಂತು. ಮಾವ ಕೈ ಅಡ್ಡ ಹಿಡಿದ.

"ತಡೀರಿ ಸಾಹುಕಾರ್ರ. ಗಾಡಿ ಇಳಿಯಾಕತ್ತೈತಿ."

ಮಾಲಕರು ಹಾರ್ನ್ ಹೊಡೆದರು. ಮಾವ ತಿರುಗಿಯೂ ನೋಡಲಿಲ್ಲ. ನಾನು ಕಿಟಕಿಯಲ್ಲಿ ನಿಂತು ಜೀಪು ನೋಡಲಿಲ್ಲ, ಅವನ ಕಾಲು ನೋಡಿದೆ. ಗೆರೆಯ ಹೊರಗೇ ಇದ್ದವು.