ಎರೆನಾಡಿನ ಕೈ, ಕಾಲುವೆಯ ಏರಿ

ಇದನ್ನು ಹೇಳಲು ವರ್ಷಗಟ್ಟಲೆ ನಾಳೆ ನಾಳೆ ಎನ್ನುತ್ತ ಬಂದೆ, ಗೆಳೆಯರೇ. ಇವತ್ತು ಅಂಗಳದಲ್ಲಿ ಕೂತು ಚಪ್ಪಲಿಗೆ ಮೆತ್ತಿದ ಎರೆಮಣ್ಣನ್ನು ಕಡ್ಡಿಯಿಂದ ಕೆರೆಯುವಾಗ ಇನ್ನು ತಡೆಯಲಾಗಲಿಲ್ಲ. ಹಿಡಿದದ್ದನ್ನು ಬಿಡದ ಕಪ್ಪು ಮಣ್ಣು ಇದು.

ಎರಡನೆಯ ಮಹಾಯುದ್ಧದ ಕಾಲ. ಹೈಸ್ಕೂಲು ಮುಗಿಸಿದ ನನಗೆ ಬಸ್ಸು ನಡೆಸಲು ಕಲಿಸಿದವರು, ಅರ್ಧ ಆಯುಷ್ಯ ಎತ್ತಿನ ಬಂಡಿ ಹೊಡೆದು ಆಮೇಲೆ ಬಸ್ಸಿಗೆ ಬಂದಿದ್ದ ಬೇವೂರಿನ ಒಬ್ಬ ಅಜ್ಜ. ಯಲಬುರ್ಗಾ, ಕುಷ್ಟಗಿಯ ದಾರಿಗಳಲ್ಲಿ ಎದುರಿಗೆ ಬಂಡಿ ಬಂದರೆ ಎಡಕ್ಕೆ ಹೊರಳಿಸಿ ಹೊಲಕ್ಕಿಳಿದು ದಾರಿ ಬಿಡುವುದು ನಮ್ಮವರ ಮರ್ಯಾದೆ. "ಹೊಳ್ಳಿಸೋ ತಮ್ಮಾ, ಭೂಮಿತಾಯಿ ಹಿಡ್ಕೋತಾಳ" ಎನ್ನುತ್ತಿದ್ದರು ಅಜ್ಜ. ಆಕೆ ಹಿಡಿಯುತ್ತಲೂ ಇದ್ದಳು; ಮೆತ್ತನೆಯ ಎರೆಮಣ್ಣಿನಲ್ಲಿ ಗಾಲಿ ಹೂತು ಬಸ್ಸು ಉರುಳದೆ ನಿಲ್ಲುತ್ತಿತ್ತು.

ಗಂಗಾವತಿಯಲ್ಲಿ ಅರಸರ ಕಾಲದ ಹಳೆಯ ಕಾಲುವೆಯ ಏರಿಯ ಮೇಲೆ ಮಾತ್ರ ಒಂದರ ಹಿಂದೊಂದು ಬಸ್ಸು ಉರುಳಿ ಮುದಿ ಡ್ರೈವರುಗಳು ಸತ್ತರು. ಎಲ್ಲರೂ ನಮ್ಮ ಎರೆನಾಡಿನಿಂದ ಹೋದವರೇ. ಮುಪ್ಪಿಗೆ ಕೈ ಸೋತಿವೆ ಎಂದು ನಾವೆಲ್ಲ ಅಂದುಕೊಂಡೆವು. ನಮ್ಮ ಊರ ದಾರಿಗಳಲ್ಲಿ ಬದುಕಿ ಉಳಿಯುತ್ತಿದ್ದ ಮುದುಕರು ಅಲ್ಲೇಕೆ ಸಾಯುತ್ತಾರೆಂದು ನಾನು ಯೋಚಿಸಲಿಲ್ಲ. ಬಸ್ಸಿನ ಮಾಲೀಕರು ಆ ದಾರಿಯನ್ನು ಅಜ್ಜನಿಗೆ ಕೊಟ್ಟ ದಿನವೇ, ಆ ಬಸ್ಸು ನನಗೆ ಸಿಗಲೆಂಬ ಆಸೆಗೆ, "ಅಜ್ಜನ ಕೈ ನಡಗ್ತಾವ್ರೀ" ಎಂದು ಮಾಲೀಕರ ಕಿವಿಯಲ್ಲಿ ಊದಿದೆ. ಹಸಿ ಸುಳ್ಳು. ಕೆಲಸ ಕಳೆದುಕೊಂಡ ಅಜ್ಜ ಬೇವೂರಿಗೆ ಹೊರಟರು, ಬಸ್ಸು ನನ್ನದಾಯಿತು.

ಕೆಲವೇ ದಿನಗಳಲ್ಲಿ ಅದೇ ಏರಿಯ ಮೇಲೆ ಎದುರಿಗೆ ಬಂಡಿ ಬಂತು. ನನ್ನ ಎಳೆಯ ಕೈಗಳು ನನ್ನನ್ನು ಕೇಳದೆಯೇ ಎಡಕ್ಕೆ ಹೊರಳಿದವು. ಮುಂದಿನ ಗಾಲಿ ನೀರಿನ ಮೇಲೆ ತೂಗಿತು; ಒಂದು ಜಾಲಿಮರ ನಮ್ಮನ್ನು ತಡೆಯಿತು. ಆಗ ಹೊಳೆಯಿತು: ಎರೆನಾಡಿನಲ್ಲಿ ಜೀವ ಕಾಯುವ ಅಭ್ಯಾಸವೇ ನೀರಿನ ನಾಡಿನಲ್ಲಿ ಜೀವ ತೆಗೆಯುತ್ತಿತ್ತು, ಅಭ್ಯಾಸ ಹಳೆಯದಾದಷ್ಟೂ ಕೈ ಬೇಗ ಹೊರಳುತ್ತಿತ್ತು. ಮುಪ್ಪಿನ ಮೇಲೆ ಸುಮ್ಮನೆ ಅಪವಾದ ಹೊರಿಸಿದ್ದೆವು.

ಮಾಲೀಕರಿಗೆ ಇದನ್ನು ಹೇಳಿದೆ, ನನ್ನ ಚಾಡಿಯನ್ನು ಹೇಳಲಿಲ್ಲ. ಏರಿಯ ಮೇಲೆ ಬಸ್ಸು ನಿಲ್ಲಬೇಕು, ಬಂಡಿ ದಾಟಬೇಕು ಎಂದು ಕಟ್ಟಳೆಯಾಯಿತು. ತಪ್ಪು ಮುಪ್ಪಿನದಲ್ಲ ಎಂದು ಒಪ್ಪಿ ಮಾಲೀಕರು ಅಜ್ಜನನ್ನು ಮತ್ತೆ ಕೆಲಸಕ್ಕೆ ಕರೆಸಿದರು.

ಮೊದಲ ದಿನ ನಾನು ಪಕ್ಕದಲ್ಲೇ ಕೂತೆ. ಏರಿಯ ನಡುವೆ ಬಂಡಿ ಕಂಡಿತು. ಅಜ್ಜನ ಕೈ ಎಡಕ್ಕೆ ಎಳೆಯಿತು; ಹಲ್ಲು ಕಚ್ಚಿ ತಡೆದರು; ಬಸ್ಸು ನಿಂತಿತು.

"ಏನಜ್ಜಾ, ಬಸ್ಸಿಗೂ ನಿದ್ದಿ ಬಂತೇನು?" ಎಂದ ಬಂಡಿಯವ.

"ನಿನ್ನ ಎತ್ತು ನನಗಿಂತ ಹಿರ್ಯಾವು ಅದಾವಪ್ಪಾ, ಮೊದಲ ಅವು ಹೋಗ್ಲಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಅಜ್ಜ ಹಾರ್ನ್ ಒತ್ತಿದರು, ಗೆದ್ದ ಪೈಲ್ವಾನ ತೊಡೆ ತಟ್ಟಿದ ಹಾಗೆ. ನಾನು ಕೆಲಸ ಬಿಡುವವರೆಗೂ ಆ ಏರಿ ಒಬ್ಬ ಮುದುಕನನ್ನೂ ನುಂಗಲಿಲ್ಲ.

"ಮುದುಕರ ಮಾನ ಉಳಿಸಿದಿ ತಮ್ಮಾ" ಎಂದು ಅವರು ಬೆನ್ನು ತಟ್ಟಿದಾಗ, ನನ್ನ ಚಾಡಿಯನ್ನು ಮುಚ್ಚಿಟ್ಟುಕೊಂಡೇ ತಟ್ಟಿಸಿಕೊಂಡೆ. ಅವರು ತೀರಿಹೋಗಿ ಬಹುಕಾಲವಾಯಿತು. ಗೆಲುವು ಅವರದು, ಹೆಸರು ಮಾತ್ರ ನನಗೆ ಬಂತು. ಅವರ ಹೆಸರನ್ನಾದರೂ ಇಂದು ಬಾಯಿಬಿಟ್ಟು ಹೇಳುತ್ತೇನೆ: ಈರಪ್ಪಜ್ಜ.